ಭಾವನವರ ಹಗ್ಗ, ಭಾವನವರ ಕೊಡಲಿ

ನಮ್ಮ ಭಾವನವರಷ್ಟು ಹಗ್ಗವನ್ನು ಅನುಮಾನಿಸುವ ಮನುಷ್ಯ ಇಡೀ ಕಡೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ದೇವರ ಮುಂದೆ ದೀಪ ಹಚ್ಚಿ ಹೇಳಬಲ್ಲೆ. ಅವರು ಹವಾಮಾನ ವರದಿಯನ್ನು ನಂಬುತ್ತಾರೆ, ಬಸ್ಸಿನ ವೇಳಾಪಟ್ಟಿಯನ್ನು ನಂಬುತ್ತಾರೆ, ನಾನು ಮಾಡಿದ ಉಪ್ಪಿಟ್ಟನ್ನು ಕೂಡ ನಂಬಿ ತಿನ್ನುತ್ತಾರೆ. ಹಗ್ಗವನ್ನು ಮಾತ್ರ ನಂಬುವುದಿಲ್ಲ. ತಮಾಷೆಯೆಂದರೆ, ಮೂವತ್ತೈದು ವರ್ಷ ಅವರಿಗೆ ಅನ್ನ ಹಾಕಿದ್ದೇ ಹಗ್ಗ!

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ. ಹುಡುಗುತನ ಕಳೆಯುವ ಮುಂಚೆಯೇ ಊರು ಬಿಟ್ಟು ಕರಾವಳಿಯ ಬಂದರೊಂದರಲ್ಲಿ ಟಗ್ಗಿನ ಮೇಲೆ ಕೆಲಸಕ್ಕೆ ಸೇರಿದರು. ಟಗ್ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಬಂದರಿನ ಬಾಯಿಗೆ ಬಂದ ದೊಡ್ಡ ಹಡಗಿಗೆ ತಾನಾಗಿ ಒಳಕ್ಕೆ ತಿರುಗಿಕೊಳ್ಳಲು ಆಗುವುದಿಲ್ಲವಂತೆ. ಆಗ ಗಟ್ಟಿ ಎಂಜಿನ್ನಿನ ಒಂದು ಪುಟ್ಟ ದೋಣಿ ಹೋಗಿ, ಹಗ್ಗ ಹಾಕಿ ಎಳೆದುಕೊಂಡು ಬರುತ್ತದಂತೆ. ಆ ಪುಟ್ಟ ದೋಣಿಯೇ ಟಗ್. ಹಟ ಹಿಡಿದ ಎಮ್ಮೆಯನ್ನು ಅದರ ಕರುವೇ ಕೊಟ್ಟಿಗೆಗೆ ಎಳೆದು ತಂದ ಹಾಗೆ ಎಂದುಕೊಳ್ಳಿ.

ನಿವೃತ್ತಿಯಾಗಿ ಊರಿಗೆ ಬಂದಾಗ ಅವರ ಜೊತೆ ಒಂದು ಕಬ್ಬಿಣದ ಟ್ರಂಕು ಬಂತು. ಸಿಂಗಟಗೆರೆಯಲ್ಲಿ ಬಸ್ಸಿನಿಂದ ಅದನ್ನು ಇಳಿಸಲು ಮೂರು ಜನ ಬೇಕಾಯಿತು. ಊರಿನವರೆಲ್ಲ ಬಂಗಾರವೇ ಇದೆ ಎಂದು ತೀರ್ಮಾನಿಸಿದರು. ತೆಗೆದರೆ ಏನು? ಒಂದು ಸುರುಳಿ ಹಗ್ಗ, ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಜಾಕೆಟ್ಟುಗಳು ನಾಲ್ಕು, ಒಂದು ಸೀಟಿ, ಕೆಂಪು ಬಣ್ಣ ಬಳಿದ ಒಂದು ಕೊಡಲಿ!

"ಇದೇನ್ ಭಾವ, ಸೌದೆ ಒಡೆಯೋಕಾ?" ಎಂದೆ.

"ಮುಟ್ಟಬೇಡಮ್ಮಾ! ಇದು ಸೌದೆಗಲ್ಲ, ಪ್ರಾಣಕ್ಕೆ. ಎಳೆಯೋ ದೋಣೀಲಿ ಹಗ್ಗ ಕಟ್ಟಿರೋ ಗೂಟದ ಪಕ್ಕದಲ್ಲೇ ಕೊಡಲಿ ಇರಬೇಕು. ಎಳೆಸ್ಕೊಳ್ಳೋ ಹಡಗು ತಿರುಗಿ ನಮ್ಮನ್ನೇ ಅಡ್ಡಡ್ಡ ಎಳೆದ್ರೆ ದೋಣಿ ಮಗುಚಿ ಹೋಗುತ್ತೆ. ಬಿಗಿದ ಹಗ್ಗದ ಗಂಟು ಬಿಚ್ಚೋಕೆ ಬ್ರಹ್ಮನಿಂದ್ಲೂ ಆಗಲ್ಲ. ಕಡೀಬೇಕು, ಅಷ್ಟೆ."

ನಮ್ಮ ಕಡೆ ನೀರು ನೋಡುವುದೇ ಅಪರೂಪ. ಅಂಥ ಊರಿನಲ್ಲಿ ಮುಳುಗುವ ಭಯ ಇಟ್ಟುಕೊಂಡ ಒಬ್ಬರು ಇದ್ದಾರೆ ಎನ್ನುವುದೂ ಒಂದು ಭಾಗ್ಯವೇ ಎಂದುಕೊಂಡು ಸುಮ್ಮನಾದೆ.

ಕೆಲವೇ ದಿನಗಳಲ್ಲಿ ನಮ್ಮ ಮನೆಯ ಹಗ್ಗಗಳಿಗೆಲ್ಲ ಪರೀಕ್ಷೆ ಶುರುವಾಯಿತು. ಹಸುವಿನ ಹಗ್ಗ ಪಾಸು. ಬಾವಿಯ ಹಗ್ಗ ಫೇಲು. ಬಟ್ಟೆ ಒಣಹಾಕುವ ಹಗ್ಗವನ್ನು ಬೆರಳಲ್ಲಿ ತಿರುವಿ, ಎಳೆ ಬಿಡಿಸಿ, ಮೂಸಿ ನೋಡಿ, "ಒಳಗೆ ಸತ್ತು ಹೋಗಿದೆ" ಎಂದು ಹೇಳಿ ಕತ್ತರಿಸಿಯೇ ಬಿಟ್ಟರು. ಹೇಳಿದ್ದು ಆಮೇಲೆ, ಕತ್ತರಿಸಿದ್ದು ಮೊದಲು! ಒಗೆದ ಸೀರೆಯೆಲ್ಲ ಮಣ್ಣಿಗೆ. ಒಣಗಿದ ಮೇಲೆ ಬಿತ್ತಲ್ಲ, ಒದ್ದೆಯಿದ್ದಾಗ ಬೀಳಲಿಲ್ಲವಲ್ಲ ಎಂದು ಶಿವನಿಗೆ ಕೈಮುಗಿದು ಕೊಡವಿಕೊಂಡೆ.

ಹೊಸ ಹಗ್ಗ ತರಲು ನನ್ನನ್ನೂ ಕರೆದುಕೊಂಡು ತರೀಕೆರೆಗೆ ಹೋದರು. ಕಡೂರಿನಲ್ಲಿ ಹಗ್ಗ ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಕಡೂರಿನ ಅಂಗಡಿಗಳೆಲ್ಲ ಅವರ ಪರೀಕ್ಷೆಯಲ್ಲಿ ಆಗಲೇ ಫೇಲಾಗಿದ್ದವು. ತರೀಕೆರೆಯ ಅಂಗಡಿಯವನು ಒಂದೊಂದಾಗಿ ಹನ್ನೊಂದು ಸುರುಳಿ ತೆಗೆದು ಹಾಕಿದ. ಭಾವನವರು ಹಲ್ಲಿನಿಂದ ಕಚ್ಚಿದರು, ಕಾಲಿನಿಂದ ಮೆಟ್ಟಿ ಎಳೆದರು, "ಬಿಸಿಲಲ್ಲಿ ಇಟ್ಟಿದ್ರಾ? ಎಷ್ಟು ತೂಕಕ್ಕೆ ಹರಿಯುತ್ತೆ? ಯಾವಾಗ ಬಂದ ಮಾಲು?" ಎಂದು ಕೇಳಿದ್ದೇ ಕೇಳಿದ್ದು. ಕೊನೆಗೆ ಅವನಿಗೂ ಸಾಕಾಯಿತು.

"ಯಜಮಾನ್ರೇ, ನನ್ನ ಮಗಳಿಗೆ ಗಂಡು ನೋಡ್ದಾಗ್ಲೂ ನಾನು ಇಷ್ಟು ವಿಚಾರಿಸಿರಲಿಲ್ಲ ಕಣ್ರೀ!"

ಭಾವನವರು ತಲೆ ಎತ್ತದೆ, "ವಿಚಾರಿಸಬೇಕಿತ್ತು" ಎಂದರು. ಪಾಪ, ಅವನ ಮುಖ ನೋಡಬೇಕಿತ್ತು! ಅಳಿಯನ ವಿಚಾರದಲ್ಲಿ ಏನೋ ಇತ್ತು ಅಂತ ಕಾಣುತ್ತದೆ, ಹಗ್ಗವನ್ನು ಮಾತಿಲ್ಲದೆ ಅಳೆದು ಕೊಟ್ಟ.

ಇದೆಲ್ಲ ಮನೆಯೊಳಗಿನ ಮಾತಾಯಿತು. ಅಜ್ಜಂಪುರದಲ್ಲಿ ನಮ್ಮ ನಾದಿನಿಯ ಮೊಮ್ಮಗುವಿನ ನಾಮಕರಣದ ದಿನ ನನ್ನ ಮಾನವೇ ಹೋಗುತ್ತಿತ್ತು. ತೊಟ್ಟಿಲಿಗೆ ಹೂವು ಸುತ್ತಿ, ಹಾಡು ಹೇಳುವವರು ಗಂಟಲು ಸರಿಮಾಡಿಕೊಂಡು, ಇನ್ನೇನು ಮಗುವನ್ನು ಮಲಗಿಸಬೇಕು, ಅಷ್ಟರಲ್ಲಿ ಗಂಡಸರ ಸಾಲಿನಿಂದ ನಮ್ಮ ಭಾವನವರು ಎದ್ದು ಬಂದರು. ತೊಟ್ಟಿಲ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ, ಬಾವಲಿಯಂತೆ ನೇತಾಡಿಯೇ ಬಿಟ್ಟರು!

"ಅಯ್ಯೋ, ಏನ್ರೀ ಇದು! ಶುಭಕಾರ್ಯದಲ್ಲಿ!" ಎಂದು ಮಗುವಿನ ಅಜ್ಜಿ, ಅಂದರೆ ನಮ್ಮ ನಾದಿನಿಯ ಬೀಗಿತ್ತಿ, ಕೂಗಿಕೊಂಡರು.

ಅವರ ಕೂಗು ಮುಗಿಯುವ ಮುಂಚೆಯೇ ಸೂರಿನ ಕೊಂಡಿ ಗಾರೆಯ ಸಮೇತ ಕಿತ್ತು ಬಂತು. ಭಾವನವರು ತೊಟ್ಟಿಲೊಳಗೆ! ಕಾಲೆರಡು ಹೊರಗೆ. ಮಗು ಬೀಗಿತ್ತಿಯ ತೊಡೆಯ ಮೇಲೆ ಸುಖವಾಗಿ ನಿದ್ದೆ ಮಾಡುತ್ತಿತ್ತು. ಭಾವನವರು ತಲೆಯ ಮೇಲಿನ ಸುಣ್ಣ ಒರೆಸಿಕೊಂಡು, "ಹಗ್ಗ ಚೆನ್ನಾಗಿದೆ. ಕೊಂಡಿ ಸರಿ ಇಲ್ಲ" ಎಂದು ವರದಿ ಒಪ್ಪಿಸಿದರು. ಬೀಗಿತ್ತಿ ಬೈಯಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು.

ಹೀಗಿರುವಾಗ ಒಂದು ವರ್ಷ ದೇವರು ಕಣ್ಣು ಬಿಟ್ಟ. ನಮ್ಮೂರ ಕೆರೆ ತುಂಬಿತು. ಬರೀ ತುಂಬಲಿಲ್ಲ, ಹೆಚ್ಚಾದ ನೀರು ಕೋಡಿಯ ಕಲ್ಲುಗಳ ಮೇಲೆ ಹಾರಿ ಹಳ್ಳಕ್ಕೆ ಬಿತ್ತು. ಹೆಂಗಸರೆಲ್ಲ ಹೋಗಿ ಬಾಗಿನ ಬಿಟ್ಟು ಬಂದೆವು.

ಕೆರೆಯ ನಡುವೆ ಪಂಚಾಯ್ತಿಯವರ ತೇಲುವ ಪಂಪಿದೆ. ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಕಬ್ಬಿಣದ ಹಲಗೆ, ಅದರ ಮೇಲೆ ಮೋಟಾರು. ನಾವು ಕುಡಿಯುವ ನೀರು ಅಲ್ಲಿಂದಲೇ ಬರಬೇಕು. ನೀರು ಏರಿದಾಗ, ಇಳಿದಾಗ ಅದನ್ನು ಜಾಗ ಬದಲಿಸಿ ಕಟ್ಟಬೇಕು. ಹಿಂದೆಲ್ಲ ಹತ್ತು ಜನ ಕತ್ತಿನ ಮಟ್ಟ ನೀರಿಗಿಳಿದು ತಳ್ಳುತ್ತಿದ್ದರು. ಈಗ ಆಳ ಹೆಚ್ಚಾಗಿತ್ತು. ಮೀನಿನ ಗುತ್ತಿಗೆಯವರ ಹತ್ತಿರ ಎಂಜಿನ್ ಇರುವ ಒಂದು ಫೈಬರ್ ದೋಣಿ ಇತ್ತು. ಪಂಚಾಯ್ತಿಯ ಮೆಂಬರಮ್ಮ ನೇರವಾಗಿ ನಮ್ಮ ಮನೆಗೇ ಬಂದು, "ಅಣ್ಣಾ, ಹಡಗು ಎಳೆದೋರು ನೀವು, ಪಂಪ್ ಎಳೆಯಲ್ವಾ?" ಎಂದರು.

ಭಾವನವರ ಮುಖದಲ್ಲಿ ಅವತ್ತು ಬಂದ ಕಳೆಯನ್ನು ನಾನು ಮುಂಚೆ ನೋಡಿರಲಿಲ್ಲ. ಊರಿಗೆ ಬಂದಾಗಿನಿಂದ ಎಲ್ಲರೂ ಅವರನ್ನು ನೋಡಿ ನಕ್ಕವರೇ. ಒಂದು ಕೆಲಸಕ್ಕೆ ನೀವೇ ಬೇಕು ಎಂದು ಕರೆದದ್ದು ಅದೇ ಮೊದಲು.

ಒಂದು ವಾರ ತಯಾರಿ. ಪಂಪಿನ ಹಲಗೆಯ ಎರಡು ಮೂಲೆಗೂ ಹಗ್ಗ ಕಟ್ಟಿ, ಮುಂದೆ ಎರಡನ್ನೂ ಸೇರಿಸಿ, ಅಲ್ಲಿಂದ ಉದ್ದಕ್ಕೆ ಒಂದೇ ಹಗ್ಗ, ತರೀಕೆರೆಯಿಂದ ತಂದದ್ದರಲ್ಲಿ ಉಳಿದದ್ದು, ದೋಣಿಗೆ. ಉಜ್ಜುವ ಕಡೆಯೆಲ್ಲ ಸೈಕಲ್ ಟ್ಯೂಬು ಸುತ್ತಿದರು. ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ, ದಾರ ಕಟ್ಟಿ, ಮುಳುಗಿದವರಿಗೆ ಎಸೆಯುವುದಕ್ಕೆಂದು ಏರಿಯ ಮೇಲೆ ಇಟ್ಟರು. ದೋಣಿಯಲ್ಲಿ ಸಹಾಯಕ್ಕೆ ಇಬ್ಬರು: ನಮ್ಮ ಯಜಮಾನರು, ಮತ್ತು ಕೆರೆಯ ತೂಬು ನೋಡಿಕೊಳ್ಳುವ ನಮ್ಮೂರ ನೀರುಗಂಟಿ. ನೀರುಗಂಟಿಗೆ ಜಾಕೆಟ್ ಹಾಕಿಸುವುದೇ ದೊಡ್ಡ ರಾಮಾಯಣವಾಯಿತು.

"ಏನ್ ಸ್ವಾಮಿ, ಈ ಕೆರೇಲಿ ಹುಟ್ಟಿ ಬೆಳೆದೋನು ನಾನು. ನನಗೆ ಈ ಕವಚ ಯಾಕೆ? ಸೆಕೆ ಆಯ್ತದೆ!"

"ಹಾಕ್ಕೊಳ್ದೇ ಇದ್ರೆ ಇಳಿ."

"ಒಂದ್ ಎಲೆ ಅಡಕೆನಾದ್ರೂ ಹಾಕ್ಕೊಳ್ಲಾ?"

"ದೋಣೀಲಿ ಎಲೆ ಅಡಕೆ ಇಲ್ಲ. ಎರಡೂ ಕೈ ಖಾಲಿ ಇರಬೇಕು."

"ಇದೇನ್ ದೋಣಿನಾ, ಇಸ್ಕೂಲಾ?" ಎಂದು ಗೊಣಗಿಕೊಂಡು ಅವನು ಎಲೆ ಅಡಕೆ ಚೀಲವನ್ನು ಜಾಕೆಟ್ಟಿನ ಒಳಗೆ ಸೇರಿಸಿಕೊಂಡ. ಮೊದಲ ಸಲ ಪಂಪು ಹೂವಿನ ಹಾಗೆ ಜಾಗಕ್ಕೆ ಹೋಗಿ ಕೂತಿತು. ನಲ್ಲಿಯಲ್ಲಿ ನೀರು ಬಂತು. ಊರಿನವರು ಭಾವನವರನ್ನು ಕ್ಯಾಪ್ಟನ್ ಎಂದು ಕರೆಯಲು ಶುರುಮಾಡಿದರು. ಕೊಡಲಿಗೆ ದೋಣಿಯಲ್ಲಿ, ಅವರು ಕೂರುವ ಜಾಗದ ಬೆನ್ನ ಹಿಂದೆ, ಒಂದು ಕೊಕ್ಕೆ ಖಾಯಂ ಆಯಿತು.

ಆಮೇಲೆ ಆಯುಧಪೂಜೆ ಬಂತು.

ಇಲ್ಲಿಂದ ನಾನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಆಯುಧಪೂಜೆಯೆಂದರೆ ಕಬ್ಬಿಣದ್ದು ಒಂದೂ ಬಿಡುವಂತಿಲ್ಲ. ಕುಡುಗೋಲು, ಮಚ್ಚು, ಗುದ್ದಲಿ, ಈಳಿಗೆಮಣೆ, ಹೊಲಿಗೆ ಮಿಷನ್ನು, ಮಿಕ್ಸಿಯ ಜಾರಿನ ಬ್ಲೇಡು ಸಹ. ಎಲ್ಲವನ್ನೂ ತೊಳೆದು, ವಿಭೂತಿ ಬಳಿದು, ಕುಂಕುಮವಿಟ್ಟು ದೇವರ ಮುಂದೆ ಇಡಬೇಕು. ಇಟ್ಟ ಮೇಲೆ ಮರುದಿನ ಪೂಜೆ ಮಾಡಿ ಕದಲಿಸುವವರೆಗೆ ಮುಟ್ಟುವಂತಿಲ್ಲ. ವರ್ಷವೆಲ್ಲ ನಮಗಾಗಿ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ ಬೇಡವೇ? ನಮ್ಮ ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ.

ಎಲ್ಲ ಜೋಡಿಸಿದ ಮೇಲೆ ಕೆಂಪು ಕೊಡಲಿ ನೆನಪಾಯಿತು. ಪ್ರಾಣ ಕಾಯುವ ಆಯುಧ ಅದು. ಅದನ್ನೊಂದು ಬಿಡುವುದೇ? ಭಾವನವರು ದೋಣಿಗೆ ಹೂವಿನ ಹಾರ ಹಾಕಿ ಮನೆಗೆ ಬಂದು ಸ್ನಾನಕ್ಕೆ ಹೋಗಿದ್ದರು. ನಾನು ಏರಿಯ ಮೇಲೆ ನಡೆದು ಹೋಗಿ, ದಡದಲ್ಲಿ ಕಟ್ಟಿದ್ದ ದೋಣಿಯ ಕೊಕ್ಕೆಯಿಂದ ಕೊಡಲಿ ತೆಗೆದು, ಸೆರಗಿನಲ್ಲಿ ಸುತ್ತಿ ತಂದೆ. ಕೆಂಪಿನ ಮೇಲೆ ಕುಂಕುಮ ಕಾಣುವುದಿಲ್ಲವೆಂದು ವಿಭೂತಿಯನ್ನೇ ಮೂರು ಬೆರಳಲ್ಲಿ ದಪ್ಪವಾಗಿ ಎಳೆದೆ. ಎಷ್ಟು ಲಕ್ಷಣವಾಗಿ ಕಾಣುತ್ತಿತ್ತು! ಹಬ್ಬದ ದಿನ ದೋಣಿ ಯಾರು ತೆಗೆಯುತ್ತಾರೆ ಎಂದುಕೊಂಡೆ. ಹೇಳಬೇಕು ಎಂದು ಹೊಳೆಯಲಿಲ್ಲ.

ಊಟ ಮುಗಿದು ಬಾಳೆ ಎಲೆ ಎತ್ತುತ್ತಿದ್ದೆ. ಗಾಳಿ ಎದ್ದಿತು. ನೀರುಗಂಟಿ ಓಡಿ ಬಂದು, "ಕ್ಯಾಪ್ಟನ್ರೇ! ಅಂತರಗಂಗೆ ಕಿತ್ಕೊಂಡ್ ಬಂದದೆ! ಪಂಪಿಗೆ ತಬ್ಕೊಂಡದೆ! ಕಟ್ಟಿದ್ ಹಗ್ಗ ಹೋಯ್ತು, ಕೋಡಿ ಕಡೆ ಹೊಂಟದೆ ಬನ್ನಿ!" ಎಂದು ಬಾಗಿಲಲ್ಲೇ ಕೂಗಿದ.

ಅಂತರಗಂಗೆ ನೀರಿನ ಮೇಲೆ ಬೆಳೆಯುವ ಕಳೆ. ಒಂದು ಗಿಡವಾದರೆ ಬೆರಳಲ್ಲಿ ಎತ್ತಬಹುದು. ಒಂದು ಹೊಲದಷ್ಟು ಒಟ್ಟಿಗೆ ಬಂದರೆ? ಪಂಪು ಕೋಡಿ ಹಾರಿ ಹಳ್ಳಕ್ಕೆ ಬಿದ್ದರೆ ಊರಿಗೆ ತಿಂಗಳುಗಟ್ಟಲೆ ಕುಡಿಯುವ ನೀರಿಲ್ಲ. ಮೂವರೂ ಓಡಿದರು. ನಾನೂ ಕೈ ತೊಳೆಯದೆ ಹಿಂದೆ ಓಡಿದೆ. ನಾನು ಏರಿ ಹತ್ತುವಷ್ಟರಲ್ಲಿ ದೋಣಿ ಪಂಪನ್ನು ಮುಟ್ಟಿ, ಹಗ್ಗ ಸಿಕ್ಕಿಸಿ, ಎಳೆಯಲು ಶುರುಮಾಡಿತ್ತು.

ಮೊದಲು ಹಗ್ಗ ಬಿಗಿಯಿತು. ಪಂಪು ನಿಂತಿತು. ಏರಿಯ ಮೇಲಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ಎಂಜಿನ್ನಿನ ರೆಕ್ಕೆಗೆ ಕಳೆ ಸುತ್ತಿಕೊಂಡು ಅದು ಕೆಮ್ಮಿ ನಿಂತು ಹೋಯಿತು. ಈಗ ದೋಣಿ ಪಂಪನ್ನು ಎಳೆಯುತ್ತಿರಲಿಲ್ಲ, ಪಂಪೂ ಕಳೆಯೂ ಸೇರಿ ದೋಣಿಯನ್ನು ಅಡ್ಡಡ್ಡಲಾಗಿ ಕೋಡಿಯ ಕಡೆ ಎಳೆಯುತ್ತಿದ್ದವು. ದೋಣಿಯ ಒಂದು ಅಂಚು ನೀರಿಗೆ ಬಾಗಿತು. ನೀರು ಒಳಗೆ ನುಗ್ಗುವುದು ನನಗೆ ಕಾಣುತ್ತಿತ್ತು.

ಭಾವನವರು ತಿರುಗಿ ನೋಡದೆ ಬೆನ್ನ ಹಿಂದಕ್ಕೆ ಕೈ ಚಾಚಿದರು. ಅಭ್ಯಾಸದ ಕೈ ನೇರವಾಗಿ ಕೊಕ್ಕೆಗೆ ಹೋಯಿತು. ಕೊಕ್ಕೆ ಖಾಲಿ.

ಆಗ ನನಗೆ ತಿಳಿಯಿತು. ಕೊಡಲಿ ನಮ್ಮ ಮನೆಯ ದೇವರ ಮುಂದೆ, ವಿಭೂತಿ ಧರಿಸಿಕೊಂಡು, ಚೆಂಡುಹೂವಿನ ಮಧ್ಯೆ ವಿಶ್ರಾಂತಿ ಪಡೆಯುತ್ತಿದೆ. ದೋಣಿಯಲ್ಲಿ ನನ್ನ ಗಂಡ. ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ.

ಕಾಪಾಡಿದ್ದು ಯಾವುದು ಗೊತ್ತೇ? ಅಡಕೆ ಕತ್ತರಿ! ನೀರುಗಂಟಿ ಜಾಕೆಟ್ಟಿನೊಳಗೆ ಕೈಹಾಕಿ, ಎಲೆ ಅಡಕೆ ಚೀಲ ಕಿತ್ತು, ಅಡಕೆ ಕತ್ತರಿ ತೆಗೆದು ಹಗ್ಗವನ್ನು ಒಂದೊಂದೇ ಎಳೆಯಾಗಿ ಕತ್ತರಿಸತೊಡಗಿದ. ತರೀಕೆರೆಯಲ್ಲಿ ಹನ್ನೊಂದು ಸುರುಳಿಯಲ್ಲಿ ಆರಿಸಿ ತಂದ ಹಗ್ಗ. ಅಷ್ಟು ಸುಲಭಕ್ಕೆ ಹರಿಯುತ್ತದೆಯೇ? ಭಾವನವರು "ತಲೆ ತಗ್ಗಿಸ್ರೋ! ಹಗ್ಗದ ನೇರಕ್ಕೆ ಇರಬೇಡಿ!" ಎಂದು ಕೂಗುತ್ತಿದ್ದರು. ಕೊನೆಯ ಎಳೆ ತಾನೇ ಹರಿದು, ಹಗ್ಗ ಚಾಟಿಯಂತೆ ಅವರ ತಲೆಯ ಮೇಲೆ ಹಾರಿ ಹೋಯಿತು. ದೋಣಿ ಒಮ್ಮೆ ಹೊಯ್ದಾಡಿ ನೇರವಾಯಿತು. ಭಾವನವರು ರೆಕ್ಕೆಗೆ ಸುತ್ತಿದ ಕಳೆ ಕಿತ್ತೆಸೆದು, ಎಂಜಿನ್ ಹಚ್ಚಿ ದೋಣಿಯನ್ನು ದಡಕ್ಕೆ ತಂದರು.

ಪಂಪು? ಅದು ಕೋಡಿಯ ಮುಂದಿನ ಜಾಲಿಮರದ ಬೊಡ್ಡೆಗೆ ಸಿಕ್ಕಿಕೊಂಡು ನಿಂತಿತು. ಮೂರು ದಿನ ನೀರಿಲ್ಲ, ನಾಲ್ಕನೆಯ ದಿನ ಬಂತು. ಬರೀ ಮೂರೇ ದಿನ. ನಾನು ಎಣಿಸಿಟ್ಟುಕೊಂಡ ಪುಣ್ಯಗಳಲ್ಲಿ ಅದೂ ಒಂದು.

ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ಭಾವನವರು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತರು. ಕೊಡಲಿಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಅಳುತ್ತಿದ್ದೆ. "ನಾಳೆ ಕದಲಿಸಿದ ಮೇಲೆ ಕೊಡಮ್ಮ" ಎಂದಷ್ಟೇ ಹೇಳಿ ಬಟ್ಟೆ ಬದಲಿಸಲು ಹೋದರು.

ಎರಡು ದಿನ ಬಿಟ್ಟು ಪಂಚಾಯ್ತಿಯ ಮುಂದೆ ಸಭೆ ಸೇರಿತು. ಮೆಂಬರಮ್ಮ ಕೇಳಿಯೇ ಕೇಳಿದರು: "ಅಣ್ಣಾ, ಅಷ್ಟು ಹೇಳ್ತಿದ್ರಲ್ಲ, ಆ ಕೊಡಲಿ ಎಲ್ಲಿತ್ತು?"

"ಇರಲಿಲ್ಲ. ತಪ್ಪು ನನ್ನದು. ಮರೆತೆ" ಎಂದರು ಭಾವನವರು.

ಸಭೆಯಲ್ಲಿ ನಗು ಎದ್ದಿತು. ಊರಿನ ಹಗ್ಗವನ್ನೆಲ್ಲ ಫೇಲು ಮಾಡಿದವರೇ ಫೇಲಾದರೆ ನಗದೆ ಬಿಡುತ್ತಾರೆಯೇ? "ಬಟ್ಟೆ ಹಗ್ಗ ಕಡಿಯೋಕೆ ಸಿಕ್ಕಿತ್ತು, ಈಗ ಸಿಗ್ಲಿಲ್ವೇನಪ್ಪಾ ಕ್ಯಾಪ್ಟನ್ನೂ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನು ಮುಂದೆ ದೋಣಿಯನ್ನು ಬೇರೆ ಯಾರಿಗಾದರೂ ವಹಿಸೋಣ ಎಂದು ಮೆಂಬರಮ್ಮ ಮೆಲ್ಲಗೆ ಹೇಳಿದರು. ಭಾವನವರು ತಲೆ ಆಡಿಸಿ ಒಪ್ಪಿಕೊಂಡರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಕೊಡಲಿ ತೆಗೆದವಳು ನಾನು. ಪೂಜೆಗೆ ಅಂತ ಹೇಳದೇ ಕೇಳದೇ ತೆಗೆದೆ. ಭಾವಂದು ತಪ್ಪಿಲ್ಲ" ಎಂದೆ. ಆಮೇಲೆ ಮೆಂಬರಮ್ಮ ಕಣ್ಣೊರೆಸಿಕೊಂಡು ಹೇಳಿದರು: "ನೋಡ್ರಪ್ಪಾ, ಭಾವನ ಮಾನ ಉಳಿಸೋಕೆ ತಪ್ಪನ್ನ ತನ್ನ ಮೇಲೆ ಹಾಕ್ಕೊಂತಿದ್ದಾಳೆ. ಹೆಣ್ಣುಮಗಳು ಅಂದ್ರೆ ಹೀಗಿರಬೇಕು!"

ನನ್ನನ್ನು ಯಾರೂ ನಂಬಲಿಲ್ಲ! ನಿಜ ಹೇಳಿದ್ದಕ್ಕೆ ನಾನು ಸುಳ್ಳು ಹೇಳುವ ಪುಣ್ಯವತಿಯಾದೆ.

ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಏರಿಯ ಮೇಲೆ ಮನೆಗೆ ಹೊರಟೆವು. ನಮ್ಮ ಯಜಮಾನರು ಮುಂದೆ, ನಾವಿಬ್ಬರು ಹಿಂದೆ.

"ಯಾಕೆ ಭಾವ ಹಾಗೆ ಹೇಳಿದ್ರಿ? ತೆಗೆದದ್ದು ನಾನಲ್ವಾ?"

"ತೆಗೆದದ್ದು ನೀನು. ನೋಡದೆ ಹೊರಟಿದ್ದು ನಾನು. ದೋಣೀಲಿ ಎರಡನೇದೇ ತಪ್ಪು ಕಣಮ್ಮ."

"ನೀವು ನೋಡದೆ ಯಾವತ್ತೂ ಹೊರಟೋರಲ್ಲ."

ಅವರು ತಮ್ಮನ ಕಡೆ ಕೈ ತೋರಿಸಿದರು. "ಅವತ್ತು ಇವನ ಜಾಕೆಟ್ ದಾರ ನೋಡ್ತಿದ್ದೆ" ಎಂದರು. "ಒಂದ್ಸಲ ಬಿಗಿದೆ, ಸಡಿಲ ಅನ್ನಿಸ್ತು. ಬಿಚ್ಚಿ ಮತ್ತೆ ಕಟ್ಟಿದೆ. ಮತ್ತೂ ಅನುಮಾನ. ಮೂರು ಸಲ ಕಟ್ಟಿದೆ. ಕೊಡಲಿ ಕಡೆ ಕಣ್ಣೇ ಹೋಗ್ಲಿಲ್ಲ. ಮೂವತ್ತೈದು ವರ್ಷ ಯಾರ‍್ಯಾರ ಜೊತೇನೋ ದೋಣಿ ಹತ್ತಿದೀನಿ. ತಮ್ಮನನ್ನ ಕೂರಿಸ್ಕೊಂಡು ಅಭ್ಯಾಸ ಇರಲಿಲ್ಲ ನನಗೆ."

ಮುಂದೆ ಹೋಗುತ್ತಿದ್ದ ನಮ್ಮ ಯಜಮಾನರು ಕೊಕ್ಕರೆ ನೋಡಲು ಏರಿಯ ಅಂಚಿಗೆ ಬಗ್ಗಿದರು.

"ಲೇ!" ಎಂದು ಭಾವನವರು ಕೂಗಿದರು. "ನೀರಿನ ಕಡೆ ನಡೀಬೇಡ, ಈ ಪಕ್ಕಕ್ಕೆ ಬಾರೋ!"

ಐವತ್ತೆರಡು ವರ್ಷದ ನನ್ನ ಗಂಡ ಒಂದು ಮಾತೂ ಆಡದೆ ಈ ಪಕ್ಕಕ್ಕೆ ಬಂದು ನಡೆದರು.